ಪಂಜರದ ತಳದಲ್ಲಿ ಉಳಿದ ಪುಡಿ

ಎಂಟನೆಯ ವಾರದ ತೂಕದ ಪಟ್ಟಿ ಕೈಗೆ ಬಂದ ದಿನ ನಾನು ಹಿಗ್ಗಿಹೋಗಿದ್ದೆ. ಕೊಬ್ಬಿನ ಆಹಾರದ ಜೊತೆ ಕ್ವೆರ್ಸೆಟಿನ್ ಎಂಬ ಸಸ್ಯಜನ್ಯ ವಸ್ತು ತಿಂದ ಸುಂಡಿಲಿಗಳು, ಬರೀ ಕೊಬ್ಬು ತಿಂದವುಗಳಿಗಿಂತ ಕಣ್ಣಿಗೇ ಕಾಣುವಷ್ಟು ತೆಳ್ಳಗಿದ್ದವು. ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ ಮುಗಿಯಿತು ಎಂದುಕೊಂಡು ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಮರುದಿನ ಪ್ರಾಣಿಗೃಹದ ಸಹಾಯಕರು ಪಂಜರ ತೊಳೆಯುತ್ತಾ, 'ಈ ಸಾಲಿನವು ಸರಿಯಾಗಿ ತಿನ್ನುವುದೇ ಇಲ್ಲ, ಕೆರೆದು ಕೆಳಗೆ ಚೆಲ್ಲುತ್ತವೆ' ಎಂದರು. ಅವರು ತೋರಿಸಿದ್ದು ಕ್ವೆರ್ಸೆಟಿನ್ ಸಾಲನ್ನು.

ಪ್ರಯೋಗದ ಏರ್ಪಾಡು ಹೀಗಿತ್ತು. ಸಿ57ಬಿಎಲ್/6 ತಳಿಯ ಕಪ್ಪು ಗಂಡು ಸುಂಡಿಲಿಗಳು, ಆರು ವಾರದ ಪ್ರಾಯದವು. ಈ ತಳಿಯನ್ನು ಆರಿಸಲು ಕಾರಣ, ಕೊಬ್ಬು ಕೊಟ್ಟರೆ ಇವು ಬೇಗ ಬೊಜ್ಜು ಬೆಳೆಸಿಕೊಳ್ಳುತ್ತವೆ. ಹೆಣ್ಣುಗಳು ಅಷ್ಟು ಬೇಗ ದಪ್ಪಗಾಗುವುದಿಲ್ಲ. ಆಹಾರದ ಕ್ಯಾಲೊರಿಯಲ್ಲಿ 60 ಶೇಕಡಾ ಕೊಬ್ಬಿನದು, ಹೆಚ್ಚಿನ ಪಾಲು ಹಂದಿಯ ಕೊಬ್ಬು. ಗುರುತಿಗೆಂದು ತಯಾರಕರು ಅದಕ್ಕೆ ನೀಲಿ ಬಣ್ಣ ಹಾಕಿರುತ್ತಾರೆ. ಬೆರಳಿಗೆ ಜಿಡ್ಡು, ಒತ್ತಿದರೆ ಹೋಳಿಗೆಯ ಕಣಕದಷ್ಟು ಮೆತ್ತಗೆ. ಹೊರಗಿಟ್ಟರೆ ಕಮಟುತ್ತದೆ, ಹಾಗಾಗಿ ಫ್ರಿಜ್‌ನಿಂದ ತೆಗೆದು ಎರಡು ದಿನಕ್ಕೊಮ್ಮೆ ಬದಲಿಸುತ್ತಿದ್ದೆ.

ಕ್ವೆರ್ಸೆಟಿನ್ ಈರುಳ್ಳಿ, ಸೇಬು, ನುಗ್ಗೆಸೊಪ್ಪುಗಳಲ್ಲಿರುವ ಫ್ಲಾವನಾಯ್ಡ್, ಅಂದರೆ ಸಸ್ಯಗಳು ತಯಾರಿಸುವ ಒಂದು ಬಗೆಯ ಸಂಯುಕ್ತ. ಶುದ್ಧ ರೂಪದಲ್ಲಿ ಹಳದಿ ಪುಡಿ, ನೀರಿನಲ್ಲಿ ಕರಗುವುದಿಲ್ಲ. ಅಂಟಿನ ದ್ರಾವಣದಲ್ಲಿ ಕಲಸಿ ನಳಿಗೆಯಿಂದ ನೇರವಾಗಿ ಹೊಟ್ಟೆಗೆ ಬಿಡುವುದು ರೂಢಿ. ಆದರೆ ದಿನವೂ ಹಾಗೆ ಹಿಡಿದು ಕುಡಿಸಿದರೆ ಪ್ರಾಣಿ ಹೆದರಿಯೇ ಸೊರಗುತ್ತದೆ. ಆದ್ದರಿಂದ ಆಹಾರದಲ್ಲೇ ಬೆರೆಸಲು ನಿರ್ಧರಿಸಿದೆ: ಕಿಲೋಗೆ ಒಂದು ಗ್ರಾಂ. 25 ಗ್ರಾಂ ತೂಗುವ ಸುಂಡಿಲಿ ದಿನಕ್ಕೆ 2.5 ಗ್ರಾಂ ತಿಂದರೆ ಕಿಲೋ ದೇಹತೂಕಕ್ಕೆ 100 ಮಿಲಿಗ್ರಾಂ ಆಗುತ್ತದೆ. ಅದೇ ಪ್ರಾಣಿ 45 ಗ್ರಾಂಗೆ ಏರಿ ಅಷ್ಟನ್ನೇ ತಿಂದರೆ ಲೆಕ್ಕ 55ರ ಆಸುಪಾಸಿಗೆ ಇಳಿಯುತ್ತದೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಮುದ್ದೆ ಕಟ್ಟಿದಂತೆ ಕೈಯಾರೆ ನಾದಿ ಉಂಡೆ ಮಾಡಿದೆ. ನೀಲಿಗೆ ಹಳದಿ ಸೇರಿ ಹಸಿರು ಛಾಯೆ ಬಂತು! ಯಾರಿಗೆ ಯಾವ ಆಹಾರ ಎಂಬುದು ತೂಕ ಮಾಡುವವರಿಗೆ ತಿಳಿಯಬಾರದೆಂಬ ನನ್ನ ನಿಯಮ ಅಲ್ಲಿಗೇ ಮುಗಿಯಿತು.

ಇನ್ನು ಪಂಜರದ ತಳಕ್ಕೆ ಚೆಲ್ಲಿದ ಆ ಪುಡಿ. ನಾನು ತಟ್ಟೆಯಲ್ಲಿ ಉಳಿದದ್ದನ್ನು ಮಾತ್ರ ತೂಗುತ್ತಿದ್ದೆ. ಇಟ್ಟದ್ದರಲ್ಲಿ ಉಳಿದದ್ದನ್ನು ಕಳೆದರೆ ತಿಂದದ್ದು ಎಂಬ ಲೆಕ್ಕ. ಆ ಲೆಕ್ಕದಲ್ಲಿ ಎರಡೂ ಗುಂಪುಗಳು ಸಮನಾಗಿ ತಿಂದಿದ್ದವು, ಅದಕ್ಕೇ ಅಷ್ಟು ಧೈರ್ಯ. ಮೆಕ್ಕೆಜೋಳದ ದಿಂಡಿನ ಹಾಸು ತೆಗೆದು ಬಿಳಿ ಕಾಗದ ಹಾಸಿ ನೋಡಿದೆ. ಒಂದೇ ರಾತ್ರಿಯಲ್ಲಿ ಹಸಿರು ಪುಡಿ ಕಾಗದದ ಮೇಲೆಲ್ಲ ಚೆಲ್ಲಿತ್ತು. ಕ್ವೆರ್ಸೆಟಿನ್ ಕಹಿ. ಇಷ್ಟವಾಗದ್ದನ್ನು ಅವು ಕೆರೆದು ಬಿಸಾಡುತ್ತಿದ್ದವು, ಕಡಿಮೆ ತಿಂದು ಕಡಿಮೆ ದಪ್ಪಗಾಗಿದ್ದವು. ಹಾಗಲಕಾಯಿ ಬೆರೆಸಿದ್ದರೂ ಬಹುಶಃ ಇದೇ 'ಫಲಿತಾಂಶ' ಬರುತ್ತಿತ್ತು.

ಎರಡನೆಯ ಬಾರಿ ಮೂರನೆಯ ಗುಂಪೊಂದನ್ನು ಸೇರಿಸಿದೆ. ಕ್ವೆರ್ಸೆಟಿನ್ ಗುಂಪು ನಿನ್ನೆ ನಿಜಕ್ಕೂ ಎಷ್ಟು ತಿಂದಿತೋ ಕ್ವೆರ್ಸೆಟಿನ್ ಬೆರೆಸದ ಅದೇ ಕೊಬ್ಬಿನ ಆಹಾರವನ್ನು ಅಷ್ಟೇ ಇಂದು ಇವಕ್ಕೆ ಕೊಡುವುದು. ಹೇಳಲು ಸುಲಭ. ಅಳತೆಯ ಆಹಾರ ಸಿಕ್ಕ ಸುಂಡಿಲಿ ಅದನ್ನು ಒಂದೇ ಏಟಿಗೆ ಮುಗಿಸಿ ಉಳಿದ ಹೊತ್ತೆಲ್ಲ ಉಪವಾಸ ಕೂರುತ್ತದೆ, ಆ ಉಪವಾಸವೇ ಕೊಬ್ಬಿನ ಮೇಲೆ ಬೇರೆ ಪರಿಣಾಮ ಮಾಡುತ್ತದೆ. ಅದಕ್ಕಾಗಿ ಪಾಲು ಮಾಡಿ ಬೆಳಿಗ್ಗೆ ಸ್ವಲ್ಪ, ದೀಪ ಆರುವ ಮುನ್ನ ಹೆಚ್ಚು ಕೊಟ್ಟೆ. ಪಂಜರಕ್ಕೆ ಮೂರು ಪ್ರಾಣಿಗಳಿದ್ದುದರಿಂದ ತಿಂದ ಲೆಕ್ಕಕ್ಕೆ ಒಂದು ಪಂಜರವೇ ಒಂದು ಎಣಿಕೆ. ಮೂರು ಎಂದು ಬರೆಯುವ ಆಸೆಯನ್ನು ಹತ್ತಿಕ್ಕಿದೆ. ಹಬ್ಬ, ಭಾನುವಾರ ಯಾವುದೂ ಇರಲಿಲ್ಲ.

ಆ ದಿನಗಳಲ್ಲೇ ಅಮ್ಮ ಫೋನಿನಲ್ಲಿ, 'ಹಾಗಾದರೆ ಈರುಳ್ಳಿ ಜಾಸ್ತಿ ತಿಂದರೆ ಒಳ್ಳೆಯದೇ?' ಎಂದು ಕೇಳಿದರು. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಸುಂಡಿಲಿಯ ಪ್ರಮಾಣವನ್ನು, ಇಲ್ಲಿ ಕಿಲೋ ದೇಹತೂಕಕ್ಕೆ 100 ಮಿಲಿಗ್ರಾಂ, ಮನುಷ್ಯನಿಗೆ ಹೊಂದಿಸಲು ಸಾಮಾನ್ಯವಾಗಿ 12.3ರಿಂದ ಭಾಗಿಸುತ್ತಾರೆ. 60 ಕಿಲೋ ತೂಗುವವರಿಗೆ ದಿನಕ್ಕೆ ಹತ್ತಿರ ಹತ್ತಿರ 490 ಮಿಲಿಗ್ರಾಂ. ನೂರು ಗ್ರಾಂ ಈರುಳ್ಳಿಯಲ್ಲಿ 30 ಮಿಲಿಗ್ರಾಂ ಎಂದು ಹಿಡಿದರೆ ದಿನಕ್ಕೆ 1.6 ಕಿಲೋ. ಅಮ್ಮ ನಕ್ಕು ಫೋನಿಟ್ಟರು.

ಹದಿನಾಲ್ಕನೆಯ ವಾರದಲ್ಲಿ ತೂಕದ ಎರಡು ಗೆರೆಗಳು, ಕ್ವೆರ್ಸೆಟಿನ್ ತಿಂದವುಗಳದ್ದು ಮತ್ತು ಅಳೆದು ಕೊಟ್ಟವುಗಳದ್ದು, ಒಂದರ ಮೇಲೊಂದು ಕೂತಿದ್ದವು. ಯಕೃತ್ತಿನ ತೆಳು ಹೋಳುಗಳಿಗೆ ಕೊಬ್ಬನ್ನು ಕೆಂಪಾಗಿಸುವ ಆಯಿಲ್ ರೆಡ್ ಓ ಬಣ್ಣ ಹಾಕಿ, ಗಾಜುಗಳಿಗೆ ಸಂಕೇತ ಸಂಖ್ಯೆ ಅಂಟಿಸಿ, ಈ ಪ್ರಯೋಗದ ಗಂಧವೇ ಇಲ್ಲದ ಗೆಳತಿಗೆ ಕೊಟ್ಟೆ. ಇಲ್ಲಿ ಹಸಿರು ಛಾಯೆ ಕಾಟ ಕೊಡಲಿಲ್ಲ. ಸಂಖ್ಯೆ ಬಿಚ್ಚಿದಾಗ ಕ್ವೆರ್ಸೆಟಿನ್ ಗುಂಪಿನ ಯಕೃತ್ತಿನಲ್ಲಿ ಕೊಬ್ಬಿನ ಕೆಂಪು ಹನಿಗಳು ತುಸು ಕಡಿಮೆ ಇದ್ದವು. ತುಸುವೇ. ಅದನ್ನು ಅಧ್ಯಾಯದ ಮುಖ್ಯ ಚಿತ್ರವಾಗಿಸಿ, ಮೊದಲ ಪ್ರಯೋಗದ ತೂಕದ ನಕ್ಷೆಯನ್ನು ಚೆಲ್ಲಿದ ಪುಡಿಯ ಲೆಕ್ಕದ ಜೊತೆಗೆ ಅನುಬಂಧಕ್ಕೆ ಹಾಕಿದೆ.