ಕೋಲಾರದ ಚರ್ಚಿನ ಹಳೇ ಆರ್ಗನ್ ರಿಪೇರಿ: ನನ್ನ ಅನುಭವ

"ಅಣ್ಣಾ, ನಮ್ಮ ಚರ್ಚಲ್ಲಿ ಪೈಪ್ ಆರ್ಗನ್ ಇದೆ, ಸ್ವರ ಬರ್ತಿಲ್ಲ, ಬಂದು ನೋಡ್ತೀರಾ?" ಎಂದು ಕೋಲಾರದಿಂದ ಫೋನ್ ಬಂತು. ಹೋಗಿ ನೋಡಿದೆ. ಮೇಲೆ ಸಾಲಾಗಿ ಪೈಪುಗಳೇನೋ ಇದ್ದವು, ಆದರೆ ಬೆರಳಲ್ಲಿ ತಟ್ಟಿದರೆ ಮರ, ಬಣ್ಣ ಬಳಿದ ಮರ, ಸುಮ್ನೆ ಅಲಂಕಾರಕ್ಕೆ. ನಿಜವಾದ ಪೈಪ್ ಆರ್ಗನ್‌ನಲ್ಲಿ ಒಂದೊಂದು ಸ್ವರಕ್ಕೂ ಬೇರೆ ಕೊಳವೆ ಇರುತ್ತದೆ, ಅತಿ ಕೆಳಗಿನ ಸ್ವರದ ಕೊಳವೆಯೇ ಸುಮಾರು 8 ಅಡಿ. ಇದು ರೀಡ್ ಆರ್ಗನ್. ಒಳಗೆ ಗಾಳಿಗೆ ಅದುರಿ ಸ್ವರ ಕೊಡುವ ಹಿತ್ತಾಳೆಯ ನಾಲಿಗೆಗಳು, ಇವೇ ರೀಡು. ಕೆಳಗೆ ತಿದಿ ತುಳಿಯಲು ಎರಡು ಪೆಡಲ್. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು.

ನಾನು ಗುಬ್ಬಿ ಕಡೆಯವನು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಊರು. ನಮ್ಮ ಕಡೆ ನಾಟಕಗಳಿಗೆ ಕಾಲಲ್ಲಿ ತುಳಿಯುವ ಲೆಗ್ ಹಾರ್ಮೋನಿಯಂ ಬೇಕೇ ಬೇಕು, ಅವುಗಳ ರಿಪೇರಿಯೇ ನನ್ನ ಕೆಲಸ. ಆದರೆ ಆ ಕೈಚಳಕವನ್ನು ಹಾಗೇ ತಂದು ಇದರ ಮೇಲೆ ಹಾಕುವಂತಿಲ್ಲ. ಪ್ಯಾರಿಸ್‌ನಲ್ಲಿ ದೆಬೆನ್ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂ ಇದೆಯಲ್ಲ, ಅದರ ತಿದಿ ಗಾಳಿಯನ್ನು ರೀಡಿನ ಮೂಲಕ ಹೊರಗೆ ತಳ್ಳುತ್ತದೆ. ಅಮೆರಿಕದವರ ಆರ್ಗನ್ ಉಲ್ಟಾ, ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಕೋಲಾರದಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್‌ನವರು ಇದ್ದರು, ಇಟಿಸಿಎಂ ಆಸ್ಪತ್ರೆಯೂ ಅವರದ್ದೇ, ಹಾಗಾಗಿ ಇಂಥ ಪೆಟ್ಟಿಗೆ ಇಲ್ಲಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಗಾಳಿ ಎಳೆಯುತ್ತದೆ ಎಂದರೆ ಕೋಣೆಯ ಧೂಳನ್ನೂ ಎಳೆಯುತ್ತದೆ, ಅದೆಲ್ಲ ನೇರ ರೀಡಿಗೇ ಹೋಗಿ ಕೂರುತ್ತದೆ. ಕೋಲಾರದ ಧೂಳು ಗೊತ್ತಲ್ವಾ?

ಕಮಿಟಿಯವರಿಗೆ ಮೊದಲು ಶ್ರುತಿ ಮಾಡಿಸಬೇಕಿತ್ತು. ನಾನು ಒಪ್ಪಲಿಲ್ಲ. ತಿದಿ ಸೋರುವಾಗ ಶ್ರುತಿ ಮಾಡಿದರೆ ಆ ಶ್ರುತಿ ಸುಳ್ಳು. ಪೆಡಲ್ ಚೆನ್ನಾಗಿ ತುಳಿದು, ಯಾವ ಮನೆಯನ್ನೂ (ಬೆರಳಲ್ಲಿ ಒತ್ತುವ ಕೀಲಿಗೆ ನಾವು ಮನೆ ಎನ್ನುತ್ತೇವೆ) ಒತ್ತದೆ ಕಾಲು ತೆಗೆದು ನೋಡಿದೆ. ತಿದಿ ಗಟ್ಟಿಯಿದ್ದರೆ ಎಳೆತ ಸ್ವಲ್ಪ ಹೊತ್ತು ನಿಲ್ಲಬೇಕು. ಇಲ್ಲಿ ಕಾಲು ತೆಗೆದ ಕೂಡಲೇ ಹೋಯಿತು. ಬಿಚ್ಚಿದರೆ ಬಟ್ಟೆಯ ಮಡಿಕೆಗಳೆಲ್ಲ ಬಿರಿದಿವೆ, ಒಂದು ಮೂಲೆಯನ್ನು ಇಲಿ ತಿಂದಿದೆ, ಹಿಂದೆ ಯಾರೋ ಸೈಕಲ್ ಟ್ಯೂಬ್ ಕತ್ತರಿಸಿ ಬಿಳಿ ಅಂಟಲ್ಲಿ ಮೆತ್ತಿದ್ದಾರೆ. ಆ ಬಿಳಿ ಅಂಟನ್ನು ಕೆರೆದು ತೆಗೆಯುವುದರಲ್ಲೇ ನನ್ನ ಅರ್ಧ ಜೀವ ಹೋಯಿತು. ಬಡಗಿಗಳು ಹಿಂದೆ ಕಾಯಿಸಿ ಹಚ್ಚುತ್ತಿದ್ದ ಅಂಟನ್ನೇ ನಾನು ಬಳಸುವುದು. ಬಿಸಿ, ತೇವ ಕೊಟ್ಟರೆ ಅದು ಬಿಡುತ್ತದೆ, ಮುಂದೆ ರಿಪೇರಿ ಮಾಡುವವನು ನನ್ನನ್ನು ಬೈಯುವುದಿಲ್ಲ. ಹೊಸದಾಗಿ ಹಾಕಿದ್ದು ರಬ್ಬರ್ ಲೇಪದ ಬಟ್ಟೆ. ದಪ್ಪ ಜಾಸ್ತಿಯಾದರೆ ಮಡಚುವುದಿಲ್ಲ, ಪೆಡಲ್ ಕಲ್ಲಾಗುತ್ತದೆ, ಆದ್ದರಿಂದ ತೆಳುವಾದದ್ದನ್ನೇ ಹುಡುಕಿ ತಂದೆ.

ಆಮೇಲೆ ರೀಡು. 5 ಸಪ್ತಕ, 61 ಮನೆ, ಎರಡು ಸಾಲು, ಒಟ್ಟು 122. ಒಂದೊಂದೂ ತನ್ನ ಗೂಡಿನಲ್ಲಿ ಜಾರಿ ಕೂತಿರುತ್ತದೆ, ಕೊಕ್ಕೆ ಹಾಕಿ ಎಳೆದರೆ ಬರುತ್ತದೆ. ಹೊರಗೆ ತೆಗೆಯುವ ಮೊದಲೇ ಹಲಗೆಯ ಮೇಲೆ ನಂಬರ್ ಬರೆದು ಅದೇ ಕ್ರಮದಲ್ಲಿ ಜೋಡಿಸಿಡಿ, ಕಲಸಿಹೋದರೆ ದೇವರೇ ಗತಿ. ಮೆತ್ತನೆ ಬ್ರಷ್‌ನಲ್ಲಿ ಒರೆಸಿದ್ದಷ್ಟೇ, ಸತ್ತಿದ್ದವು ಎಂದುಕೊಂಡಿದ್ದ ಬಹಳಷ್ಟು ಸ್ವರಗಳು ಎದ್ದು ಬಂದವು. ಉಳಿದವಕ್ಕೆ ಮಾತ್ರ ಕೆರೆಯುವ ಕೆಲಸ. ನಾಲಿಗೆಯ ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಕೆರೆಯುವಾಗ ಅಡಿಯಲ್ಲಿ ತೆಳು ತಗಡು ಕೊಡಲೇಬೇಕು, ಇಲ್ಲದಿದ್ದರೆ ನಾಲಿಗೆ ಬಾಗುತ್ತದೆ.

ಶ್ರುತಿಯ ವಿಷಯದಲ್ಲಿ ಚರ್ಚಿನ ಹುಡುಗರ ಜೊತೆ ಸಣ್ಣ ಜಗಳವೇ ಆಯಿತು. ಅವರ ಕೀಬೋರ್ಡ್ 440ರಲ್ಲಿದೆ, ಅಂದರೆ ಅದರ ‘ಎ’ ಸ್ವರ ಸೆಕೆಂಡಿಗೆ 440 ಸಲ ಅದುರುತ್ತದೆ. ಈ ಆರ್ಗನ್ ಸುಮಾರು 435ರಲ್ಲಿ ನಿಂತಿತ್ತು, 1891ರಲ್ಲಿ ಅಮೆರಿಕದ ಪಿಯಾನೋ ತಯಾರಕರು ಒಪ್ಪಿಕೊಂಡಿದ್ದ ಶ್ರುತಿ ಅದು. ಎರಡರ ನಡುವೆ 20 ಸೆಂಟ್ ವ್ಯತ್ಯಾಸ, ಅಂದರೆ ಅರ್ಧ ಸ್ವರದ ಐದನೇ ಒಂದು ಭಾಗ. ಅಷ್ಟಕ್ಕಾಗಿ 122 ರೀಡುಗಳ ತುದಿಯನ್ನೂ ಸವೆಸಬೇಕಾ? ಹೋದ ಲೋಹ ವಾಪಸ್ ಬರುತ್ತಾ? ಕೀಬೋರ್ಡಿನ ಟ್ಯೂನಿಂಗನ್ನು ಗುಂಡಿ ಒತ್ತಿ ಇಳಿಸಿ ಎಂದೆ. ಹುಡುಗರು ಮುಖ ಸಿಂಡರಿಸಿದರು. ಅಯ್ಯನವರು ನನ್ನ ಕಡೆ ನಿಂತರು, ಇಲ್ಲದಿದ್ದರೆ ಸೋಲುತ್ತಿದ್ದೆ.

ಇಡುವ ಜಾಗವೂ ಮುಖ್ಯ. ಅವರು ವೇದಿಕೆ ಮೇಲೆ, ಫ್ಯಾನ್ ಕೆಳಗೆ ತೋರಿಸಿದರು. ನಾನು ಪಡುವಣ ಕಿಟಕಿಯ ಬಿಸಿಲು ತಾಗದ ಬದಿಗೆ ಸರಿಸಿದೆ. ಕಲ್ಲಿನ ನೆಲದ ತೇವ ಹತ್ತದಂತೆ ಅಡಿಗೆ ಹಲಗೆ ಕೊಟ್ಟೆ, ಹಿಂದೆ ಗೋಡೆಗೆ ಅಂಟಿಸದೆ ಒಂದು ಗೇಣು ಜಾಗ ಬಿಟ್ಟೆ. ಪೆಡಲ್ ಸಂದಿಗೆ ತಂತಿ ಬಲೆ ಹೊಡೆದೆ. ಇಲಿ ನುಗ್ಗದ ಪೆಡಲ್ ಎಂದೇ ಆಗಿನ ಅಮೆರಿಕದ ಕಂಪನಿಗಳು ಜಾಹೀರಾತು ಕೊಡುತ್ತಿದ್ದವು, ಅಂದರೆ ಈ ಕಾಟ ಅಲ್ಲಿಯೂ ಇತ್ತು.

ಈಗ ಭಾನುವಾರದ ಆರಾಧನೆಯಲ್ಲಿ ಕೀರ್ತನೆಗೆ ನುಡಿಸುತ್ತಾರೆ. ನುಡಿಸುವ ಅಮ್ಮನವರಿಗೆ ಮಂಡಿನೋವು, ಅದಕ್ಕೆ ಗಾಳಿ ಎಳೆಯುವ ಮೋಟಾರು ಕೂರಿಸಿ ಎಂದು ಕಮಿಟಿಯವರು ಕೇಳುತ್ತಿದ್ದಾರೆ. ಮೋಟಾರು ಒಂದೇ ಸಮ ಎಳೆಯುತ್ತದೆ, ಕಾಲಿನ ಒತ್ತಡದಲ್ಲಿ ಬರುವ ಏರಿಳಿತ ಹೋಗುತ್ತದೆ, ಜೊತೆಗೆ ಗೊರ್ ಎಂಬ ಸದ್ದು. ಗೋಡೆಯಾಚೆ ಇಟ್ಟು ಕೊಳವೆ ಎಳೆಯುವುದಾದರೆ, ಪೆಡಲನ್ನೂ ಹಾಗೇ ಉಳಿಸುವುದಾದರೆ ಮಾತ್ರ ಮಾಡುತ್ತೇನೆ ಎಂದು ಹೇಳಿ ಬಂದಿದ್ದೇನೆ.