ಹಪ್ಪಳದ ಕಟ್ಟಿನಿಂದ ಬಂದ ಬುಕಿಂಗ್

ಮೊನ್ನೆ ಲೆಕ್ಕ ಹಾಕಿದೆ. ಈ ವರ್ಷದ ನೂರು ಬುಕಿಂಗಿನಲ್ಲಿ ಕೋಣೆ ಬುಕ್ ಮಾಡುವ ಆ್ಯಪ್‌ನಿಂದ ಬಂದದ್ದು ಹೆಚ್ಚುಕಡಿಮೆ 40. ಮೂರು ವರ್ಷದ ಹಿಂದೆ 90ರ ಮೇಲಿತ್ತು. ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮಗ್ಗುಲಿನ ಮೂರು ಕೋಣೆಯ ಹೋಮ್‌ಸ್ಟೇ ನಮ್ಮದು. "ಆ್ಯಪ್ ಬಿಟ್ರೆ ಈ ಮೂಲೆಗೆ ಯಾರೂ ಬತ್ವಿಲ್ಲೆ ಮಾಣಿ" ಎಂದಿದ್ದ ಅಪ್ಪಯ್ಯ.

ಶುರುವಾದದ್ದು ಸಿಟ್ಟಿನಿಂದ. ಒಂದು ಡಿಸೆಂಬರ್ ಕೊನೇ ವಾರ ಯಾರದೋ ದೂರು ಬಂತೆಂದು ಆ್ಯಪ್‌ನವರು ನಮ್ಮ ಹೋಮ್‌ಸ್ಟೇ ಪುಟವನ್ನೇ ಮರೆಮಾಡಿದರು. ಕೇಳಿದರೆ "ಪರಿಶೀಲನೆಯಲ್ಲಿದೆ". ಒಂಬತ್ತು ದಿನ! 50 ಸಾವಿರದ ಹತ್ತಿರ ಹೋಯಿತು. ತಂದಿಟ್ಟ ತರಕಾರಿ ದನಕ್ಕೆ.

ಮೊದಲು ವೆಬ್‌ಸೈಟ್ ಮಾಡಿಸಿದೆ, 28 ಸಾವಿರ. ವರ್ಷಕ್ಕೆ ಬಂದ ಬುಕಿಂಗ್ ಮೂರು, ಅದರಲ್ಲೊಂದು ನನ್ನ ಭಾವನದ್ದು. ಆಮೇಲೆ ಗೋಕರ್ಣದ ರಿಕ್ಷಾದವರಿಗೆ ಕಾರ್ಡ್ ಹಂಚಿದೆ, ಗಿರಾಕಿಗೆ 200 ಕೊಡ್ತೇನೆ ಅಂತ. ಓಂ ಬೀಚಿಗೆ ಬಂದವ ಘಟ್ಟ ಹತ್ತಿ ತೋಟ ನೋಡಲಿಕ್ಕೆ ಯಾಕೆ ಬರ್ತಾನೆ? ಒಬ್ಬನೂ ಬರಲಿಲ್ಲ.

ಕೊನೆಗೆ ಕೈಹಿಡಿದದ್ದು ಹಲಸಿನ ಹಪ್ಪಳ. ಗೆಸ್ಟ್ ಹೊರಡುವಾಗ ಹೆಂಡತಿ ಹೇಗೂ ಒಂದು ಕಟ್ಟು ಕೊಡುತ್ತಿದ್ದಳು. ಅದರ ಮೇಲೆ ಸುಮ್ನೆ ನಮ್ಮ ನಂಬರಿನ ಚೀಟಿ ಅಂಟಿಸಿದೆ. ತಿಂಗಳಾದ ಮೇಲೆ ಬೆಂಗಳೂರಿಂದ ಫೋನು: "ಹೆಗಡೇರೇ, ಹಪ್ಪಳ ಖಾಲಿ, ಇನ್ನೊಂದು ಐವತ್ತು ಕಳಿಸ್ತೀರಾ?" ಆ್ಯಪ್ ನಮಗೆ ಕೊಡದೆ ಅಡಗಿಸಿಟ್ಟ ಗೆಸ್ಟ್ ನಂಬರ್ ತಾನಾಗಿ ಬಂತಲ್ಲ! ಹಪ್ಪಳದಲ್ಲಿ ಲಾಭವಿಲ್ಲ ಬಿಡಿ. ಮೊದಲ ಆರು ಪಾರ್ಸೆಲ್ ಪುಡಿಪುಡಿ. ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಕಳಿಸಿ ನೋಡಿದೆ. ರಸ ಸೋರಿ ಕೊರಿಯರ್‌ನವ ಬೈದ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಅಂದರೆ ಒಂದೇ ಮೆಸೇಜನ್ನು ಪಟ್ಟಿಯವರಿಗೆಲ್ಲ ಒಟ್ಟಿಗೆ ಕಳಿಸುವುದು, ಅವರು ನಮ್ಮ ನಂಬರ್ ಸೇವ್ ಮಾಡದಿದ್ದರೆ ಮುಟ್ಟುವುದಿಲ್ಲ. ಹಪ್ಪಳ ಬೇಕಾದವರು ಸೇವ್ ಮಾಡಿಯೇ ಮಾಡ್ತಾರೆ. ಈಗ ಪಟ್ಟಿಯಲ್ಲಿ 240 ಜನ ಇರಬಹುದು. ವರ್ಷಕ್ಕೆ ನಾಲ್ಕೇ ಮೆಸೇಜು. ಆಲೆಮನೆ ಹೊತ್ತಿಗೆ ಕಬ್ಬಿನಹಾಲಿನ ತೆಳು ಸಿಹಿತಿಂಡಿ ತೊಡೆದೇವು ಎರೆಯುವ ಫೋಟೋ ಹಾಕಿದರೆ ಎರಡು ವಾರಾಂತ್ಯ ತುಂಬುತ್ತದೆ. ಯಾವ ವಾರ, ಎಷ್ಟು ಗಂಟೆಗೆ ಕಳಿಸುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ.

ದುಡ್ಡಿನ ಮಾತು. ನಮ್ಮ ಕೋಣೆಗೆ 2,400. ಆ್ಯಪ್‌ನ ಕಮಿಷನ್, ಅದರ ಮೇಲೆ ಜಿಎಸ್‌ಟಿ ಎಲ್ಲ ಸೇರಿ ಸುಮಾರು 500 ಹೋಗುತ್ತಿತ್ತು. ನೇರ ಬಂದವರಿಗೆ 200 ಬಿಡುತ್ತೇನೆ, ಉಳಿದದ್ದು ನನಗೆ. ಆದರೆ ಬಾಯಿಮಾತಿನ ಬುಕಿಂಗ್ ನಂಬಿ ಮಾರಿಕಾಂಬಾ ಜಾತ್ರೆಯಲ್ಲಿ ಪೆಟ್ಟು ತಿಂದೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮೂರೂ ಕೋಣೆ ಹಿಡಿದಿಟ್ಟಿದ್ದೆ, ಎರಡು ಪಾರ್ಟಿ ಬರಲೇ ಇಲ್ಲ. ಈಗ ಅರ್ಧ ದುಡ್ಡು ಫೋನ್‌ಪೇ ಆಗದೆ ಕೋಣೆ ಇಲ್ಲ, ನೆಂಟರಿಗೂ ಸೇರಿ. ಒಂದೇ ಶನಿವಾರಕ್ಕೆ ಎರಡೂ ಕಡೆ ಬುಕ್ ಆಗಿ ಮರ್ಯಾದೆ ಹೋದ ಮೇಲೆ ಆ್ಯಪ್‌ನಲ್ಲಿ ಎರಡೇ ಕೋಣೆ ತೋರಿಸುತ್ತೇನೆ. ಅದನ್ನು ಪೂರ್ತಿ ಬಿಟ್ಟಿಲ್ಲ. ಹೊಸ ಮುಖ ಬರುವುದು ಈಗಲೂ ಅಲ್ಲಿಂದಲೇ.

ಚೀಟಿ ಬರೆಯುವ ಕೆಲಸ ಈಗ ಅಪ್ಪಯ್ಯನದು. ಕಳೆದ ವಾರ ನಂಬರಿನಲ್ಲಿ ಒಂದು ಅಂಕಿ ತಪ್ಪಿಸಿ 30 ಕಟ್ಟಿಗೆ ಅಂಟಿಸಿಬಿಟ್ಟಿದ್ದ. ಇಬ್ಬರೂ ಜಗಲಿಯಲ್ಲಿ ಕೂತು ಕಿತ್ತು ಅಂಟಿಸುತ್ತಿದ್ದೇವೆ.