ಖಾರದ ಮಾಂಸದ ಹೂರಣ ತುಂಬಿದ ಕೊರಿಯಾದ ವಾಂಗ್‌ಮಾಂಡು

ದಕ್ಷಿಣ ಕೊರಿಯಾದ ಸಂತೆಬೀದಿಗಳಲ್ಲಿ ಚಳಿಗಾಲದಲ್ಲಿ ಮಾಂಡು, ಅಂದರೆ ಹೂರಣ ತುಂಬಿದ ಕಡುಬು, ಮಾರುವ ಅಂಗಡಿ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿಲ್ಲ. ಬಾಗಿಲ ಮುಂದೆ ಒಂದರ ಮೇಲೊಂದು ಪೇರಿಸಿಟ್ಟ ಪಾತ್ರೆಗಳಿಂದ ಏಳುವ ಬಿಳಿಯ ಹಬೆಯೇ ದಾರಿ ತೋರಿಸುತ್ತದೆ. ಆ ಪಾತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ತಿಂಡಿಗಳಿರುತ್ತವೆ. ಸಣ್ಣ ಕೆಂಪು ಕಾಳಿನ ಸಿಹಿ ಹೂರಣವಿರುವುದು ಜಿನ್‌ಪಾಂಗ್. ಮಾಂಸ, ಟೋಫು (ಸೋಯಾ ಹಾಲಿನ ಪನೀರ್) ಮತ್ತು ಕಿಮ್ಚಿಯ (ಖಾರ ಹಾಕಿ ಹುದುಗಿಸಿದ ಎಲೆಕೋಸು) ಹೂರಣವಿರುವುದು ವಾಂಗ್‌ಮಾಂಡು. ‘ವಾಂಗ್’ ಎಂದರೆ ರಾಜ. ಅಂಗೈ ತುಂಬುವ ಗಾತ್ರದಿಂದಾಗಿ ಇದಕ್ಕೆ ಆ ಹೆಸರು.

ಇದನ್ನು ಮನೆಯಲ್ಲಿ ಮಾಡುವಾಗ ಕೆಡುವುದು ಬಹುಮಟ್ಟಿಗೆ ನೀರಿನಿಂದ. ಹೂರಣದಲ್ಲಿ ಉಳಿದ ನೀರು ಹಿಟ್ಟಿನ ತಳವನ್ನು ಅಂಟಾಗಿಸುತ್ತದೆ, ಮುಚ್ಚಳದಿಂದ ತೊಟ್ಟಿಕ್ಕುವ ನೀರು ಮೇಲ್ಮೈಯಲ್ಲಿ ಗುಳಿ ಬೀಳಿಸುತ್ತದೆ. ಇವೆರಡನ್ನು ತಡೆದರೆ ಉಳಿದದ್ದು ಕೈಯಭ್ಯಾಸದ ಮಾತು.

ಹಿಟ್ಟಿಗೆ ಹುದುಗು ಬರಲು ಸಮಯ ಬೇಕಾದ್ದರಿಂದ ಅದನ್ನೇ ಮೊದಲು ಕಲಸಿಕೊಳ್ಳಬೇಕು. 300 ಗ್ರಾಂ ಮೈದಾ, ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಒಂದೂವರೆ ದೊಡ್ಡ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪನ್ನು ಬೆರೆಸಿ, ಸುಮಾರು 160 ಮಿಲಿಲೀಟರ್ ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ಕಲಸಿ, ಕೊನೆಗೆ ಒಂದು ದೊಡ್ಡ ಚಮಚ ಎಣ್ಣೆ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಹಿಟ್ಟು ಚಪಾತಿ ಹಿಟ್ಟಿಗಿಂತ ತುಸು ಮೆತ್ತಗಿರಲಿ, ಆದರೆ ಕೈಗೆ ಅಂಟಬಾರದು. ಒದ್ದೆ ಬಟ್ಟೆ ಮುಚ್ಚಿ, ಎರಡರಷ್ಟು ಉಬ್ಬುವವರೆಗೆ ಬಿಡಿ. ಬೆಂಗಳೂರಿನ ಹವೆಯಲ್ಲಿ ಇದಕ್ಕೆ ಸುಮಾರು ಒಂದು ಗಂಟೆ ಹಿಡಿದರೆ, ಮಂಗಳೂರಿನ ಸೆಕೆಯಲ್ಲಿ ಇನ್ನೂ ಬೇಗ ಆಗುತ್ತದೆ.

ಹೂರಣದ ಕೆಲಸ ಆ ಬಿಡುವಿನಲ್ಲಿ. ಚೆನ್ನಾಗಿ ಹುಳಿಬಂದ ಕಿಮ್ಚಿಯನ್ನು ಸಣ್ಣಗೆ ಹೆಚ್ಚಿ, ಬಟ್ಟೆಯಲ್ಲಿ ಕಟ್ಟಿ, ಇನ್ನು ಹನಿ ಬೀಳದು ಎನ್ನುವವರೆಗೆ ಹಿಂಡಬೇಕು. ಹಿಂಡಿದ ಮೇಲೆ 100 ಗ್ರಾಂ ಇರಲಿ. 80 ಗ್ರಾಂ ಟೋಫುವನ್ನೂ ಹೀಗೆಯೇ ಹಿಂಡಿ ಪುಡಿಮಾಡಿಕೊಳ್ಳಿ. ಗೆಣಸಿನ ಪಿಷ್ಟದಿಂದ ಮಾಡಿದ, ದಂಗ್‌ಮ್ಯೋನ್ ಎಂಬ ಗಾಜಿನಂಥ ಶಾವಿಗೆಯನ್ನು ಬೇಯಿಸಿ ಕತ್ತರಿಸಿ ಒಂದು ಹಿಡಿ ಸೇರಿಸುವುದು ಕೊರಿಯನ್ನರ ವಾಡಿಕೆ. ಇದು ಹೊಟ್ಟೆ ತುಂಬಿಸಲು ಹಾಕಿದ್ದೆಂದು ಕಂಡರೂ, ಬೇಯುವಾಗ ಮಾಂಸ ಬಿಡುವ ರಸವನ್ನು ಹೀರಿ ಒಳಗೇ ಹಿಡಿದಿಡುವುದು ಅದರ ನಿಜವಾದ ಉಪಕಾರ.

ಇವೆಲ್ಲಕ್ಕೂ 250 ಗ್ರಾಂ ಹಂದಿಮಾಂಸದ ಕೀಮಾ ಬೇಕು. ಸ್ವಲ್ಪ ಕೊಬ್ಬಿರುವುದೇ ಒಳ್ಳೆಯದು. ಹಂದಿ ತಿನ್ನದವರು ಕೋಳಿಯ ತೊಡೆಯ ಕೀಮಾ ಬಳಸಬಹುದು. ಎದೆಯ ಮಾಂಸ ಬೆಂದಾಗ ಒಣಗಿಬಿಡುತ್ತದೆ. ಹೆಚ್ಚಿದ ಈರುಳ್ಳಿ ಸೊಪ್ಪು, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ತುರಿದ ಒಂದು ಟೀ ಚಮಚ ಶುಂಠಿ, ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ಗೋಚುಜಾಂಗ್ ಮತ್ತು ಒಂದೂವರೆ ದೊಡ್ಡ ಚಮಚ ಗೋಚುಗಾರು ಇದರ ಜೀವಾಳ. ಗೋಚುಜಾಂಗ್ ಎಂಬುದು ಮೆಣಸಿನ ಪುಡಿ, ಅಂಟು ಅಕ್ಕಿ ಮತ್ತು ಹುದುಗಿಸಿದ ಸೋಯಾ ಸೇರಿಸಿ ಮಾಗಿಸಿದ ಗಟ್ಟಿ ಗೊಜ್ಜು. ಸುಂಚಾಂಗ್ ಊರಿನದು ಅಲ್ಲಿ ಹೆಸರಾಂತದ್ದು. ಗೋಚುಗಾರು ಎಂದರೆ ಬೀಜ ತೆಗೆದ ಒಣಮೆಣಸಿನಕಾಯಿಯ ತರಿಪುಡಿ. ಅದು ಸಿಗದಿದ್ದರೆ ಬ್ಯಾಡಗಿ ಮೆಣಸಿನಕಾಯಿಯ ಬೀಜ ಉದುರಿಸಿ ತರಿತರಿಯಾಗಿ ಕುಟ್ಟಿಕೊಂಡರೆ ಸಾಕು. ಬಣ್ಣ ಹೆಚ್ಚು, ಖಾರ ಹದ ಎಂಬ ಗುಣ ಎರಡಕ್ಕೂ ಇದೆ. ಗುಂಟೂರು ಮೆಣಸಿನಕಾಯಿಯನ್ನು ಅಷ್ಟೇ ಅಳತೆಯಲ್ಲಿ ಹಾಕಿದರೆ ತಿನ್ನಲಾಗದು. ಎರಡು ಟೀ ಚಮಚ ಎಳ್ಳೆಣ್ಣೆಯೂ ಬೇಕು, ಆದರೆ ಅದು ಹುರಿದ ಎಳ್ಳಿನಿಂದ ತೆಗೆದದ್ದಾಗಿರಬೇಕು. ನಮ್ಮ ಗಾಣದ ಎಳ್ಳೆಣ್ಣೆಗೆ ಆ ಪರಿಮಳ ಇರುವುದಿಲ್ಲ.

ಎಲ್ಲವನ್ನೂ ಒಂದೇ ದಿಕ್ಕಿನಲ್ಲಿ ತಿರುವುತ್ತಾ, ಮಿಶ್ರಣ ಜಿಗುಟಾಗಿ ಒಂದಕ್ಕೊಂದು ಹಿಡಿದುಕೊಳ್ಳುವವರೆಗೆ ಕಲಸಿ ಫ್ರಿಜ್‌ನಲ್ಲಿಡಿ. ಕಿಮ್ಚಿ, ಸೋಯಾ ಮತ್ತು ಗೋಚುಜಾಂಗ್ ಮೂರರಲ್ಲೂ ಉಪ್ಪಿರುವುದರಿಂದ ಬೇರೆ ಉಪ್ಪು ಹಾಕುವ ಮೊದಲು ಒಂದು ಚಿಟಿಕೆ ಹೂರಣವನ್ನು ಕಾವಲಿಯ ಮೇಲೆ ಬೇಯಿಸಿ ರುಚಿ ನೋಡುವುದು ಕ್ಷೇಮ. ಹಸಿ ಮಾಂಸವನ್ನು ಮಾತ್ರ ನಾಲಿಗೆಗೆ ಮುಟ್ಟಿಸಬಾರದು.

ಉಬ್ಬಿದ ಹಿಟ್ಟಿನ ಗಾಳಿ ತೆಗೆದು, ತಲಾ 50 ಗ್ರಾಂನ ಹತ್ತು ಉಂಡೆಗಳನ್ನು ಮಾಡಿಕೊಳ್ಳಿ. ನಡುಭಾಗ ದಪ್ಪ, ಅಂಚು ತೆಳ್ಳಗೆ ಇರುವಂತೆ ಲಟ್ಟಿಸಿ, ಸುಮಾರು 45 ಗ್ರಾಂ ಹೂರಣವಿಟ್ಟು, ಅಂಚನ್ನು ನಿರಿಗೆ ಹಿಡಿಯುತ್ತಾ ಮೇಲೆ ತಂದು ಬಿಗಿಯಾಗಿ ತಿರುಚಿ ಮುಚ್ಚಬೇಕು. ಮೋದಕ ಮಾಡಿ ಅಭ್ಯಾಸವಿರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಂಚಿಗೆ ಎಣ್ಣೆ ಅಥವಾ ರಸ ತಾಗಿದರೆ ಬೆಸುಗೆ ಹಿಡಿಯದೆ ಹಬೆಯಲ್ಲಿ ಬಾಯಿ ಬಿಡುತ್ತದೆ. ಮಾಡಿದವನ್ನು ಬಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಮೇಲೆದ್ದು ಬಂದರೆ ಹದ ಬಂದಿದೆ ಎಂದರ್ಥ.

ಬೇಯಿಸಲು ಇಡ್ಲಿ ಪಾತ್ರೆಯೊಳಗೆ ರಂಧ್ರಗಳಿರುವ ಚಪ್ಪಟೆ ತಟ್ಟೆಯಿಟ್ಟು, ಅದರ ಮೇಲೆ ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆ ಹಾಸಿ. ಮಾಂಡುಗಳ ನಡುವೆ ಎರಡು ಬೆರಳಿನಷ್ಟು ಅಂತರವಿರಲಿ. ಮುಚ್ಚಳಕ್ಕೆ ಒಣ ಬಟ್ಟೆ ಸುತ್ತಿದರೆ ಹನಿಗಳು ಅದರಲ್ಲೇ ಇಂಗುತ್ತವೆ. ಬಟ್ಟೆಯ ತುದಿಗಳನ್ನು ಉರಿಗೆ ತಾಗದಂತೆ ಮೇಲೆ ಕಟ್ಟಿಕೊಳ್ಳಿ. ನೀರು ಕುದಿದು ಹಬೆ ಬಂದ ಮೇಲೆ ಒಳಗಿಟ್ಟು, ಮಧ್ಯಮ ಉರಿಯಲ್ಲಿ 15 ನಿಮಿಷ ಬೇಯಿಸಿ, ಒಲೆ ಆರಿಸಿ, ಮೂರು ನಿಮಿಷ ಮುಚ್ಚಳವನ್ನು ಮುಟ್ಟದೆ ಬಿಡಬೇಕು. ಅವಸರದಲ್ಲಿ ತೆರೆದರೆ ತಣ್ಣನೆಯ ಗಾಳಿ ತಾಗಿ ಒಳಗಿನ ಹಬೆ ಥಟ್ಟನೆ ಕುಗ್ಗಿ, ಉಬ್ಬಿದ್ದ ಮಾಂಡು ಕಣ್ಣೆದುರೇ ಸುಕ್ಕಾಗುತ್ತದೆ. ಉಷ್ಣಮಾಪಕವಿದ್ದರೆ ನಡುವಿನ ಬಿಸಿ ಹಂದಿಗೆ 71 ಡಿಗ್ರಿ ಸೆಲ್ಸಿಯಸ್, ಕೋಳಿಗೆ 74 ಡಿಗ್ರಿ ದಾಟಿದೆಯೇ ಎಂದು ನೋಡಿ. ಇಲ್ಲದಿದ್ದರೆ ಒಂದನ್ನು ಮುರಿದು ಮಾಂಸದಲ್ಲಿ ಹಸಿಗೆಂಪು ರಸ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಗೋಚುಗಾರುವಿನ ಕೆಂಪನ್ನು ಹಸಿ ಮಾಂಸದ ಕೆಂಪೆಂದು ತಿಳಿಯುವ ಸಂಭವವಿದೆ, ಹಾಗಾಗಿ ಬೆಳಕಿನಲ್ಲಿ ನೋಡುವುದು ಮೇಲು.

ಸೋಯಾ ಸಾಸ್‌ಗೆ ಅದರ ಅರ್ಧದಷ್ಟು ವಿನೆಗರ್ ಮತ್ತು ಚಿಟಿಕೆ ಗೋಚುಗಾರು ಬೆರೆಸಿದರೆ ಅದ್ದಿಕೊಳ್ಳಲು ಸಾಕು. ಉಳಿದ ಮಾಂಡುಗಳನ್ನು ಪೂರ್ತಿ ಆರಿಸಿ ಫ್ರೀಜರ್‌ನಲ್ಲಿಟ್ಟರೆ, ಬೇಕಾದಾಗ ಹಾಗೆಯೇ ಹಬೆಯಲ್ಲಿಟ್ಟು ನಡುಭಾಗದವರೆಗೆ ಚೆನ್ನಾಗಿ ಬಿಸಿಮಾಡಿಕೊಳ್ಳಬಹುದು. ಮೈಕ್ರೊವೇವ್‌ನಲ್ಲಿ ಬರಿದೇ ಇಟ್ಟರೆ ಹಿಟ್ಟು ರಬ್ಬರಿನಂತಾಗುತ್ತದೆ.